ನಡುಸಮುದ್ರದಲ್ಲಿ ಯಾವ ಬ್ಯಾಕ್ಟೀರಿಯಾ ಎಲ್ಲಿ ಬೆಳೆಯುತ್ತದೆ ಎಂಬುದನ್ನು ನಿರ್ಧರಿಸುವುದು ಯಾವುದು?

ಬೆಳಕು ಬೀಳುವ ಮೇಲಿನ 200 ಮೀಟರ್‌ನಲ್ಲಿ ಮುಖ್ಯವಾಗಿ ನೀರಿನ ಉಷ್ಣತೆ. ‘ತಾರಾ’ ನೌಕೆ ಜಗತ್ತಿನ ಸಮುದ್ರಗಳಿಂದ ತಂದ ಮಾದರಿಗಳ 2015ರ ವಿಶ್ಲೇಷಣೆಯಲ್ಲಿ ಕಂಡದ್ದೂ ಇದೇ. ಇನ್ನೂ ಆಳಕ್ಕಿಳಿದರೆ ಕತ್ತಲೆ, ಅಲ್ಲಿಯ ಜೀವಿಗಳೇ ಬೇರೆ.

ಆಮೇಲೆ ಪೋಷಕಾಂಶ. ಬೆಂಗಳೂರಿನ ಸಂಸ್ಕರಿತ ನೀರು ತುಂಬಿದ ಕೋಲಾರದ ಕೆರೆಯಲ್ಲಿ ಸಾರಜನಕ, ರಂಜಕ ಧಾರಾಳ. ಬೇಗ ಬೆಳೆಯುವ ಜಾತಿಗಳದ್ದೇ ಮೇಲುಗೈ. ನಡುಸಮುದ್ರದಲ್ಲಿ ಇವೆರಡೂ ತೀರಾ ಕಡಿಮೆ, ಹಾಗಾಗಿ ಗೆಲ್ಲುವುದು ಪುಟ್ಟ ದೇಹದವು. ಪ್ರೊಕ್ಲೊರೊಕಾಕಸ್ ಎಂಬ ಬ್ಯಾಕ್ಟೀರಿಯಾ ನೋಡಿ: ಅಗಲ ಸುಮಾರು 0.6 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಜಾಸ್ತಿ, ಅದರಿಂದಲೇ ಅತ್ಯಲ್ಪ ಆಹಾರವನ್ನೂ ಹೀರಿಕೊಳ್ಳಬಲ್ಲದು. ತಣ್ಣೀರು ಮಾತ್ರ ಆಗದು. 40 ಡಿಗ್ರಿ ಅಕ್ಷಾಂಶ ದಾಟಿದರೆ ವಿರಳ.

ವೈರಸ್‌ಗಳನ್ನೂ ಮರೆಯುವಂತಿಲ್ಲ. ಒಂದು ಜಾತಿ ವಿಪರೀತ ಹೆಚ್ಚಿದರೆ ಅದಕ್ಕೆ ತಗುಲುವ ವೈರಸ್ಸೂ ಹೆಚ್ಚಿ ಅದನ್ನು ತಗ್ಗಿಸುತ್ತದೆ.