ಒಂದೇ ಥ್ರೆಡ್‌ನಲ್ಲಿ 40 ಡೌನ್‌ಲೋಡ್: ಕಾಯೋದು ಪೋಲ್‌ನಲ್ಲಿ ಮಾತ್ರ ಇರಲಿ

ನೆಟ್‌ನಿಂದ ಫೈಲ್ ತರುವ ಲೈಬ್ರರಿ ಲಿಬ್‌ಕರ್ಲ್‌ನ ಮಲ್ಟಿ ಇಂಟರ್‌ಫೇಸ್ (ಹಲವು ಡೌನ್‌ಲೋಡ್ ಒಟ್ಟಿಗೆ ನಡೆಸುವ ಭಾಗ) ಬಳಸಿ ಸಿ ಪ್ರೋಗ್ರಾಮ್‌ನಲ್ಲಿ 40 ಫೈಲ್ ಒಟ್ಟಿಗೆ ಇಳಿಸ್ತಾ ಇದ್ದೀರಿ. ಸಿಪಿಯುನ ಒಂದು ಕೋರ್ ಶೇ 100 ಓಡ್ತಿದೆ, ಕೊನೆಗೆ ಆಗಾಗ ಸೆಗ್‌ಫಾಲ್ಟ್ (ತಪ್ಪು ಮೆಮೊರಿ ಮುಟ್ಟಿ ಪ್ರೋಗ್ರಾಮ್ ನಿಂತುಹೋಗೋದು) ಬರುತ್ತೆ, ಒಂದೆರಡು ಫೈಲ್ ಮುಗಿಯೋದೇ ಇಲ್ಲ ಅಂದಿದ್ದೀರಿ. ಮೂರಕ್ಕೂ ಕಾರಣ ಬೇರೆ ಬೇರೆ. ಫೈಲಿಗೊಂದು ಥ್ರೆಡ್ (ಪ್ರೋಗ್ರಾಮ್ ಒಳಗೆ ಬೇರೆಯಾಗಿ ಓಡುವ ಕೆಲಸದ ಎಳೆ) ಹಾಕುವ ಯೋಚನೆ ಬಿಡಿ, 40ಕ್ಕೆ ಒಂದೇ ಥ್ರೆಡ್ ಧಾರಾಳವಾಗಿ ಸಾಕು.

ಮೊದಲು ಸಿಪಿಯು. ನಿಮ್ಮ ಲೂಪ್‌ನಲ್ಲಿ ಕರ್ಲ್_ಮಲ್ಟಿ_ಪರ್ಫಾರ್ಮ್ ಒಂದೇ ಇದೆ. ಅದು ಡೇಟಾ ಬರಲಿ ಅಂತ ಕಾಯುವುದಿಲ್ಲ. ಆ ಕ್ಷಣಕ್ಕೆ ಎಷ್ಟು ಕೆಲಸ ಆಗುತ್ತದೋ ಅಷ್ಟು ಮಾಡಿ ವಾಪಸ್ ಬರುತ್ತದೆ. ಏನೂ ಬಂದಿಲ್ಲ ಅಂದ್ರೆ ಖಾಲಿ ಕೈಯಲ್ಲಿ ವಾಪಸ್. ನೀವು ಬಿಡುವೇ ಕೊಡದೆ ಅದನ್ನು ಮತ್ತೆ ಮತ್ತೆ ಕರೀತಿದ್ದೀರಿ. ಅದರ ಕೆಳಗಿನ ಸಾಲಿನಲ್ಲೇ ಕರ್ಲ್_ಮಲ್ಟಿ_ಪೋಲ್ ಸೇರಿಸಿ, ಟೈಮ್‌ಔಟ್ 1000 ಮಿಲಿಸೆಕೆಂಡ್ ಕೊಡಿ. ಯಾವುದಾದರೂ ಸಾಕೆಟ್‌ನಲ್ಲಿ (ನೆಟ್‌ವರ್ಕ್ ಸಂಪರ್ಕದಲ್ಲಿ) ಏನಾದರೂ ಆಗುವ ತನಕ, ಇಲ್ಲವೇ ಆ ಟೈಮ್‌ಔಟ್ ಮುಗಿಯುವ ತನಕ ಪ್ರೋಗ್ರಾಮ್ ಮಲಗಿರುತ್ತದೆ. ಡೇಟಾ ಬಂದ ಕೂಡಲೇ ಏಳುತ್ತದೆ, ಪೂರ್ತಿ ಸೆಕೆಂಡ್ ಕಾಯುವುದಿಲ್ಲ. ಹಾಗಾಗಿ ವೇಗ ಕಡಿಮೆ ಆಗುತ್ತೆ ಅನ್ನೋ ಭಯ ಬೇಡ.

ಹಳೇ ಉದಾಹರಣೆಗಳಲ್ಲಿ ಇದೇ ಜಾಗದಲ್ಲಿ ಕರ್ಲ್_ಮಲ್ಟಿ_ವೇಟ್ ಇರುತ್ತದೆ. ನೋಡೋಕೆ ಎರಡೂ ಒಂದೇ ಥರ. ಆದರೆ ಕಾಯಲು ಒಂದೂ ಸಾಕೆಟ್ ಇಲ್ಲದ ಹೊತ್ತಲ್ಲಿ ವೇಟ್ ತಕ್ಷಣ ವಾಪಸ್ ಬಂದುಬಿಡುತ್ತದೆ, ಲೂಪ್ ಮತ್ತೆ ಗಿರಗಿರ ತಿರುಗುತ್ತದೆ. ಪೋಲ್ ಆಗಲೂ ಕಾಯುತ್ತದೆ. ಅದು 2019ರಲ್ಲಿ, 7.66.0 ಆವೃತ್ತಿಯಲ್ಲಿ ಬಂತು. ಅದಕ್ಕಿಂತ ಹಳೇ ಲೈಬ್ರರಿ ಇದ್ದರೆ ಅಪ್‌ಗ್ರೇಡ್ ಮಾಡಿಕೊಳ್ಳಿ.

ಸೆಗ್‌ಫಾಲ್ಟ್ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ. ನಾನೂ ಇಲ್ಲೇ ಎರಡು ರಾತ್ರಿ ಕಳೆದಿದ್ದೇನೆ. ಯಾವ ಡೌನ್‌ಲೋಡ್ ಮುಗಿಯಿತು ಅಂತ ಹೇಳುವ ಕರ್ಲ್_ಮಲ್ಟಿ_ಇನ್ಫೋ_ರೀಡ್ ನಿಮಗೊಂದು ಮೆಸೇಜ್ ಪಾಯಿಂಟರ್ (ಮೆಸೇಜ್ ಇರುವ ಮೆಮೊರಿಯ ವಿಳಾಸ) ಕೊಡುತ್ತದೆ, ಅಲ್ವಾ? ಆ ಮೆಸೇಜ್ ನಿಮ್ಮದಲ್ಲ, ಲೈಬ್ರರಿಯದು. ಪ್ರತಿ ಡೌನ್‌ಲೋಡ್‌ಗೂ ಒಂದು ಈಸಿ ಹ್ಯಾಂಡಲ್ ಇರುತ್ತದಲ್ಲ, ಅದನ್ನು ಮಲ್ಟಿಯಿಂದ ತೆಗೆದ ಮೇಲೆ ಆ ಪಾಯಿಂಟರ್‌ಗೆ ಬೆಲೆ ಇಲ್ಲ. ನಾನು ಆ ಹ್ಯಾಂಡಲ್ ತೆಗೆದು, ಕ್ಲೀನಪ್ ಮಾಡಿ, ಆಮೇಲೆ ಅದೇ ಮೆಸೇಜ್‌ನಿಂದ ರಿಸಲ್ಟ್ ಪ್ರಿಂಟ್ ಮಾಡ್ತಿದ್ದೆ. ಹೆಚ್ಚಿನ ಸಲ ಸರಿಯಾದ ಉತ್ತರವೇ ಬರುತ್ತಿತ್ತು, ಅದಕ್ಕೇ ಪತ್ತೆ ಆಗಲಿಲ್ಲ. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಹಾಕಿ ಕಂಪೈಲ್ ಮಾಡಿದ ಮೊದಲ ಓಟದಲ್ಲೇ ಅದು ಆ ಸಾಲನ್ನು ಬೊಟ್ಟು ಮಾಡಿ ತೋರಿಸಿತು. ಸರಿಯಾದ ಕ್ರಮ ಹೀಗೆ: ಮೆಸೇಜ್‌ನಲ್ಲಿರುವ ಹ್ಯಾಂಡಲ್ ಮತ್ತು ರಿಸಲ್ಟ್ ಎರಡನ್ನೂ ನಿಮ್ಮ ವೇರಿಯಬಲ್‌ಗಳಿಗೆ ತಗೊಳ್ಳಿ. ಆಮೇಲೆ ಮಲ್ಟಿಯಿಂದ ಹ್ಯಾಂಡಲ್ ತೆಗೆಯಿರಿ. ಆಮೇಲೆ ಫೈಲ್ ಮುಚ್ಚಿ. ಕೊನೆಗೆ ಈಸಿ ಕ್ಲೀನಪ್. ಇನ್ನೊಂದು, ಇನ್ಫೋ_ರೀಡ್ ಅನ್ನು ಇಫ್ ಒಳಗೆ ಇಟ್ಟಿದ್ದೀರಿ. ವೈಲ್ ಬೇಕು. ಒಂದೇ ಸುತ್ತಿನಲ್ಲಿ ಮೂರು ಫೈಲ್ ಮುಗಿದಿರಬಹುದು.

ಪ್ರತಿ ಡೌನ್‌ಲೋಡ್‌ಗೂ ಒಂದು ಸ್ವಂತ ಸ್ಟ್ರಕ್ಟ್ ಮಾಡಿ. ಫೈಲ್ ಪಾಯಿಂಟರ್, ವಿಳಾಸ, ಎರರ್ ಬಫರ್ ಎಲ್ಲ ಅದರಲ್ಲಿರಲಿ. ಅದನ್ನು ಕರ್ಲ್‌ಆಪ್ಟ್_ಪ್ರೈವೇಟ್ ಮೂಲಕ ಹ್ಯಾಂಡಲ್‌ಗೆ ಕಟ್ಟಿ. ಈಗ 40 ಹ್ಯಾಂಡಲ್‌ಗೂ ಒಂದೇ ಎರರ್ ಬಫರ್ ಕೊಟ್ಟಿದ್ದೀರಿ. ಯಾರ ತಪ್ಪು ಯಾರದ್ದು ಅಂತ ಗೊತ್ತಾಗುವುದೇ ಇಲ್ಲ.

ಮುಗಿಯದ ಫೈಲ್‌ಗಳು: ಲಿಬ್‌ಕರ್ಲ್ ತಾನಾಗಿ ಒಟ್ಟು ಸಮಯಕ್ಕೆ ಮಿತಿ ಹಾಕುವುದಿಲ್ಲ. ಕನೆಕ್ಟ್ ಆಗಲು ಮಾತ್ರ 300 ಸೆಕೆಂಡ್ ಮಿತಿ ಇದೆ, ಅದೂ ಜಾಸ್ತಿಯೇ. 10 ಅಥವಾ 15ಕ್ಕೆ ಇಳಿಸಿ. ಒಟ್ಟು ಟೈಮ್‌ಔಟ್ ಹಾಕಬೇಡಿ ಅಂತ ನನ್ನ ಸಲಹೆ, ದೊಡ್ಡ ಫೈಲ್ ಚೆನ್ನಾಗಿ ಬರುತ್ತಿದ್ದರೂ ಕತ್ತರಿಸಿಬಿಡುತ್ತದೆ. ಲೋ_ಸ್ಪೀಡ್_ಲಿಮಿಟ್ 100, ಲೋ_ಸ್ಪೀಡ್_ಟೈಮ್ 30 ಇಡಿ. 30 ಸೆಕೆಂಡ್ ಕಾಲ ಸೆಕೆಂಡಿಗೆ 100 ಬೈಟ್ ಕೂಡ ಬರದಿದ್ದರೆ ಆ ಒಂದು ಡೌನ್‌ಲೋಡ್ 28ನೇ ಎರರ್‌ನೊಂದಿಗೆ ನಿಲ್ಲುತ್ತದೆ, ಉಳಿದವು ಓಡುತ್ತಿರುತ್ತವೆ.

ಸರ್ವರ್‌ನಿಂದ 404 (ಫೈಲ್ ಇಲ್ಲ) ಬಂದರೂ ರಿಸಲ್ಟ್ ಓಕೆ ಅಂತಲೇ ಇರುತ್ತದೆ, ರೆಸ್ಪಾನ್ಸ್ ಕೋಡ್ ಬೇರೆಯಾಗಿ ನೋಡಿಕೊಳ್ಳಿ.

ನಿಮ್ಮ ರೈಟ್ ಕಾಲ್‌ಬ್ಯಾಕ್‌ನಲ್ಲಿ (ಡೇಟಾ ಬಂದಾಗ ಲಿಬ್‌ಕರ್ಲ್ ಕರೆಯುವ ನಿಮ್ಮ ಫಂಕ್ಷನ್‌ನಲ್ಲಿ) ಬಂದ ತುಂಡನ್ನು ಅಲ್ಲೇ ಡೇಟಾಬೇಸ್‌ಗೆ ಹಾಕ್ತಿದ್ದೀರಿ. ದಯವಿಟ್ಟು ಅದನ್ನು ತೆಗೆಯಿರಿ. ಕಾಲ್‌ಬ್ಯಾಕ್ ಓಡೋದು ಅದೇ ಥ್ರೆಡ್‌ನಲ್ಲಿ. ಅಲ್ಲಿ ಅರ್ಧ ಸೆಕೆಂಡ್ ನಿಂತರೆ 40 ಡೌನ್‌ಲೋಡೂ ಅರ್ಧ ಸೆಕೆಂಡ್ ನಿಂತಂತೆ. ಫೈಲ್‌ಗೆ ಬರೆದು ಬೇಗ ಹೊರಗೆ ಬನ್ನಿ, ಡೇಟಾಬೇಸ್ ಕೆಲಸ ಆಮೇಲೆ. ಹೆಸರು ಹುಡುಕುವ ಡಿಎನ್‌ಎಸ್ ಕೆಲಸವೂ ಹೀಗೇ ಎಲ್ಲರನ್ನೂ ತಡೆಯಬಹುದು. ಕರ್ಲ್‌ನ ವರ್ಷನ್ ಮಾಹಿತಿಯಲ್ಲಿ ಫೀಚರ್ಸ್ ಸಾಲಿನಲ್ಲಿ ಅಸಿಂಕ್‌ಡಿಎನ್‌ಎಸ್ ಇದ್ದರೆ ಚಿಂತೆ ಇಲ್ಲ.

ಇವತ್ತು ಪೋಲ್ ಸಾಲು ಮಾತ್ರ ಸೇರಿಸಿ, ಟಾಪ್ ಕಮಾಂಡ್‌ನಲ್ಲಿ ಸಿಪಿಯು ನೋಡಿ. ಆಮೇಲೂ ಕೋರ್ ಬಿಸಿಯಾಗಿಯೇ ಇದ್ದರೆ ಆ ಲೂಪ್ ಪೂರ್ತಿ ಇಲ್ಲಿ ಹಾಕಿ, ಸಾಲು ಸಾಲಾಗಿ ನೋಡೋಣ.