ಎಮ್ಯುಲೇಟರ್ ಮೊದಲು ‘ಆಗಲ್ಲ’ ಅನ್ನೋದನ್ನು ಕಲಿಯಲಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಪ್ರೊಸೆಸರ್ ಎಮ್ಯುಲೇಟರ್‌ಗೆ (ಪ್ರೊಸೆಸರ್‌ನ ನಡೆಯನ್ನು ಸಾಫ್ಟ್‌ವೇರ್‌ನಲ್ಲಿ ಅನುಕರಿಸುವ ಪ್ರೋಗ್ರಾಮ್) ಹಾರ್ಡ್‌ವೇರ್ ವರ್ಚುವಲೈಸೇಶನ್ (ಯಂತ್ರದೊಳಗೆ ಇನ್ನೊಂದು ಯಂತ್ರ ಓಡಿಸಲು ಪ್ರೊಸೆಸರ್ ಕೊಡುವ ನೆರವು) ಸೇರಿಸುವುದು ಹೇಗೆ ಅಂತ. ಒಳಗಿನ ಯಂತ್ರ ಗೆಸ್ಟ್, ಅದನ್ನು ಓಡಿಸುವ ಪ್ರೋಗ್ರಾಮ್ ಹೈಪರ್‌ವೈಸರ್; ಗೆಸ್ಟ್ ಒಳಗೆ ಹೋಗುವುದು ಎಂಟ್ರಿ, ಹೈಪರ್‌ವೈಸರ್‌ಗೆ ಮರಳುವುದು ಎಕ್ಸಿಟ್. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ನಾನೇ ಬರೆದ 64 ಬಿಟ್ ಎಕ್ಸ್‌86 ಎಮ್ಯುಲೇಟರ್ ಈಗ ಲಿನಕ್ಸ್ ಬೂಟ್ ಮಾಡುತ್ತದೆ. ಅದರೊಳಗೆ ಕೆವಿಎಮ್ (ಲಿನಕ್ಸ್‌ನ ಹೈಪರ್‌ವೈಸರ್) ಓಡಿಸಬೇಕು ಅಂತ ಆಸೆ. ಇಂಟೆಲ್‌ನ ವಿಎಮ್‌ಎಕ್ಸ್ ಮಾಡಲಾ, ಎಎಮ್‌ಡಿಯ ಎಸ್‌ವಿಎಮ್ ಮಾಡಲಾ? ಹೇಗೂ ಎಂಟು-ಹತ್ತು ಇನ್‌ಸ್ಟ್ರಕ್ಷನ್ ಸೇರಿಸಿದರೆ ಸಾಕಲ್ವಾ?

ಉತ್ತರ: ಸ್ವಂತ ಎಮ್ಯುಲೇಟರ್‌ನಲ್ಲಿ ಲಿನಕ್ಸ್ ಬೂಟ್ ಆಯಿತೆಂದರೆ ದೊಡ್ಡ ಕೆಲಸವೇ ಮುಗಿದಿದೆ. ಭೇಷ್. ಎಸ್‌ವಿಎಮ್ ಮೊದಲು ಮಾಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ಲೆಕ್ಕಕ್ಕೆ ನೀವು ಹೇಳಿದ್ದು ಸರಿ. ಎಸ್‌ವಿಎಮ್‌ನಲ್ಲಿ ಹೊಸ ಇನ್‌ಸ್ಟ್ರಕ್ಷನ್ ಎಂಟೇ ಎಂಟು. ವಿಎಮ್‌ಎಕ್ಸ್ ಶುರುವಾದಾಗ ಹತ್ತಿದ್ದವು, ಆಮೇಲೆ ಇನ್ನಷ್ಟು ಸೇರಿದವು. ಆದರೆ ಇನ್‌ಸ್ಟ್ರಕ್ಷನ್‌ಗಳನ್ನು ಡಿಕೋಡ್ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಕಷ್ಟ ಇರುವುದು ಹಳೆಯ ಇನ್‌ಸ್ಟ್ರಕ್ಷನ್‌ಗಳಲ್ಲಿ. ಸಿಪಿಯುಐಡಿ, ಎಚ್‌ಎಲ್‌ಟಿ, ಸಿಆರ್3ಗೆ ಬರೆಯುವುದು, ಪೋರ್ಟ್‌ನಿಂದ ಓದುವುದು, ಪೇಜ್ ಫಾಲ್ಟ್, ಇಂಟರಪ್ಟ್, ಎಲ್ಲವೂ ಇನ್ನು ಮುಂದೆ ‘ಗೆಸ್ಟ್ ಒಳಗಿದ್ದೇನಾ? ಇದನ್ನು ಹೈಪರ್‌ವೈಸರ್ ತಡೆಯಲು ಹೇಳಿದೆಯಾ?’ ಅಂತ ಕೇಳಿಕೊಂಡೇ ಮುಂದೆ ಹೋಗಬೇಕು. ನೀವು ಬರೆದು ಮುಗಿಸಿದ್ದ ಕೋಡ್‌ನಲ್ಲಿ ಕೈಯಾಡಿಸದ ಫೈಲ್ ಒಂದೂ ಉಳಿಯುವುದಿಲ್ಲ ಅಂದುಕೊಳ್ಳಿ.

ಎಸ್‌ವಿಎಮ್ ಯಾಕೆ ಅಂದರೆ ಅದರಲ್ಲಿ ಎಲ್ಲ ಬಿಚ್ಚಿಟ್ಟ ಹಾಗಿದೆ. ವಿಎಮ್‌ಸಿಬಿ ಅನ್ನುವುದು 4 ಕೆಬಿಯ ಒಂದು ಪೇಜ್. ಮೊದಲ 1024 ಬೈಟ್ ಕಂಟ್ರೋಲ್‌ಗೆ, ಅಲ್ಲಿಂದ ಮುಂದೆ ಗೆಸ್ಟ್‌ನ ಸ್ಥಿತಿಗೆ. ಯಾವ ಫೀಲ್ಡ್ ಎಲ್ಲಿದೆ ಅಂತ ಕೈಪಿಡಿಯಲ್ಲೇ ಅಚ್ಚಾಗಿದೆ, ಸಾಮಾನ್ಯ ಮೆಮೊರಿಯಂತೆ ಓದಿ ಬರೆಯಬಹುದು. ಆರ್‌ಎಎಕ್ಸ್‌ನಲ್ಲಿ ಅದರ ಫಿಸಿಕಲ್ ಅಡ್ರೆಸ್ ಇಟ್ಟು ವಿಎಮ್‌ರನ್ ಕರೆದರೆ ಗೆಸ್ಟ್ ಶುರು, ಎಕ್ಸಿಟ್ ಆದರೆ ವಿಎಮ್‌ರನ್‌ನ ಮುಂದಿನ ಇನ್‌ಸ್ಟ್ರಕ್ಷನ್‌ಗೆ ವಾಪಸ್. ಇದೇ ಕೆಲಸದ ಇಂಟೆಲ್‌ನ ವಿಎಮ್‌ಸಿಎಸ್ ಹಾಗಲ್ಲ. ಅದರ ಒಳಗಿನ ಜೋಡಣೆಯನ್ನು ಇಂಟೆಲ್ ಹೇಳುವುದೇ ಇಲ್ಲ. ವಿಎಮ್‌ರೀಡ್, ವಿಎಮ್‌ರೈಟ್ ಮೂಲಕವೇ ಮುಟ್ಟಬೇಕು. ಎಮ್ಯುಲೇಟರ್ ಬರೆಯುವವರಿಗೆ ಇದರಿಂದ ಒಂದು ಲಾಭವೂ ಇದೆ: ಜೋಡಣೆ ನಮ್ಮಿಷ್ಟ. ಆದರೆ ಎಂಟ್ರಿಯ ಹೊತ್ತಿಗೆ ಮಾಡಬೇಕಾದ ತಪಾಸಣೆಗಳ ಪಟ್ಟಿ ನೋಡಿದರೆ ಆ ಖುಷಿ ಇಳಿದುಹೋಗುತ್ತದೆ.

ಈ ತಪಾಸಣೆಗಳ ಬಗ್ಗೆಯೇ ನಾನು ಜಾಸ್ತಿ ಹೇಳಬೇಕಾದದ್ದು. ಬಹಳ ಜನ ಮೊದಲು ಗೆಸ್ಟ್ ಓಡಿಸಿ, ‘ಚೆಕ್‌ಗಳನ್ನು ಆಮೇಲೆ ಸೇರಿಸೋಣ’ ಅನ್ನುತ್ತಾರೆ. ನಾನು ಇದರ ಉಲ್ಟಾ. ಮೊದಲು ತಿರಸ್ಕರಿಸುವುದನ್ನು ಬರೆಯಿರಿ, ಓಡಿಸುವುದನ್ನು ಆಮೇಲೆ. ವಿಎಮ್‌ರನ್ ಬಂದಾಗ ಎಎಸ್‌ಐಡಿ (ಗೆಸ್ಟ್‌ನ ಗುರುತು ಸಂಖ್ಯೆ) ಸೊನ್ನೆ ಇದ್ದರೆ ಆಗಲ್ಲ ಅನ್ನಿ. ವಿಎಮ್‌ರನ್ನನ್ನೇ ತಡೆಯುವ ಬಿಟ್ ಹಾಕಿಲ್ಲದಿದ್ದರೆ ಆಗಲ್ಲ ಅನ್ನಿ. ಗೆಸ್ಟ್‌ನ ಲಾಂಗ್ ಮೋಡ್ (64 ಬಿಟ್ ಮೋಡ್) ಮತ್ತು ಪೇಜಿಂಗ್ ಆನ್ ಇದ್ದು ಅದಕ್ಕೆ ಬೇಕಾದ ಪಿಎಇ ಬಿಟ್ ಆಫ್ ಇದ್ದರೆ ಆಗಲ್ಲ ಅನ್ನಿ. ಎಕ್ಸಿಟ್‌ಕೋಡ್‌ನಲ್ಲಿ ಮೈನಸ್ 1 ಬರೆದು ವಾಪಸ್ ಕಳಿಸಿ. ಎಎಮ್‌ಡಿಯ ಪಟ್ಟಿ ಚಿಕ್ಕದು, ಸಂಜೆಯೊಳಗೆ ಮುಗಿಯುತ್ತದೆ. ಇಂಟೆಲ್‌ನದು ಕೈಪಿಡಿಯ ಪುಟಗಟ್ಟಲೆ ಇದೆ.

ಪ್ರಶ್ನೆ: ನಾನು ಹೈಪರ್‌ವೈಸರ್ ಬರೆಯುತ್ತಿದ್ದೇನೆ, ಇಂಟೆಲ್ ಯಂತ್ರದಲ್ಲಿ. ವಿಎಮ್‌ಲಾಂಚ್ (ಗೆಸ್ಟ್ ಶುರು ಮಾಡುವ ಇನ್‌ಸ್ಟ್ರಕ್ಷನ್) ಕೊಟ್ಟರೆ ಕೆಲವು ಸಲ ಮುಂದಿನ ಸಾಲಿಗೇ ಬರುತ್ತದೆ, ಕೆಲವು ಸಲ ಎಕ್ಸಿಟ್ ಹ್ಯಾಂಡ್ಲರ್‌ಗೆ ಹೋಗುತ್ತದೆ. ಗೆಸ್ಟ್ ಮಾತ್ರ ಓಡುವುದೇ ಇಲ್ಲ. ಎಮ್ಯುಲೇಟರ್ ಇದಕ್ಕೆ ಸಹಾಯ ಮಾಡುತ್ತದಾ?

ಉತ್ತರ: ಮಾಡುತ್ತದೆ. ವರ್ಚುವಲೈಸೇಶನ್ ಇರುವ ಎಮ್ಯುಲೇಟರ್ ಬೇಕಾಗಿರುವುದೇ ಇಂಥದ್ದಕ್ಕೆ.

ನಿಮಗೆ ಕಾಣುತ್ತಿರುವುದು ಎರಡು ಬೇರೆ ಬೇರೆ ಸೋಲು. ಪ್ರೊಸೆಸರ್ ಮೊದಲು ಕಂಟ್ರೋಲ್ ಫೀಲ್ಡ್‌ಗಳನ್ನೂ ಹೋಸ್ಟ್ (ಹೈಪರ್‌ವೈಸರ್ ಕಡೆಯ) ಸ್ಥಿತಿಯನ್ನೂ ನೋಡುತ್ತದೆ. ಅಲ್ಲಿ ತಪ್ಪಿದ್ದರೆ ಜೀರೋ ಫ್ಲ್ಯಾಗ್ ಹಾಕಿ ಮುಂದಿನ ಸಾಲಿಗೆ ಬರುತ್ತದೆ. ಎರರ್ ಸಂಖ್ಯೆ 7 ಇದ್ದರೆ ಕಂಟ್ರೋಲ್, 8 ಇದ್ದರೆ ಹೋಸ್ಟ್. ಇವೆರಡೂ ಸರಿ ಇದ್ದರೆ ಗೆಸ್ಟ್ ಸ್ಥಿತಿಯ ತಪಾಸಣೆ. ಅಲ್ಲಿ ತಪ್ಪಿದ್ದರೆ ಅದು ಎಕ್ಸಿಟ್‌ನ ರೂಪದಲ್ಲೇ ಬರುತ್ತದೆ: ಕಾರಣ 33, ಜೊತೆಗೆ 31ನೇ ಬಿಟ್ ಆನ್. ಹಾಗಾಗಿ ನಿಮ್ಮ ಹ್ಯಾಂಡ್ಲರ್‌ಗೆ ಹೋಗುತ್ತಿದೆ.

ಅಸಲಿ ಚಿಪ್ ‘33’ ಅಂತ ಹೇಳಿ ಬಹುಪಾಲು ಅಷ್ಟಕ್ಕೇ ಸುಮ್ಮನಾಗುತ್ತದೆ. ಹತ್ತಾರು ನಿಯಮಗಳಲ್ಲಿ ಯಾವುದು ಮುರಿಯಿತು ಅಂತ ಹುಡುಕುವ ತಲೆನೋವು ನಿಮ್ಮದು. ಎಮ್ಯುಲೇಟರ್‌ನಲ್ಲಿ ಪ್ರತಿ ತಪಾಸಣೆಯೂ ಒಂದೊಂದು ಇಫ್ ಸಾಲು. ಅಲ್ಲೊಂದು ಲಾಗ್ ಹಾಕಿದರೆ ಆಯಿತು. ನನ್ನ ಎಮ್ಯುಲೇಟರ್‌ನ ಲಾಗ್‌ನಲ್ಲಿ ‘ಟಿಆರ್ ಟೈಪ್ 9 ಇದೆ, 11 ಇರಬೇಕು’, ‘ಲಿಂಕ್ ಪಾಯಿಂಟರ್ ಸೊನ್ನೆ ಇದೆ’ ಅಂತ ನೇರವಾಗಿ ಬರುತ್ತದೆ. ನಿಮ್ಮ ಕೋಡ್ ನೋಡದೆ ಹೇಳುವುದಾದರೆ ನಾನು ಮೊದಲು ಹುಡುಕುವುದು ಇವೇ ಎರಡನ್ನು. ಟಿಆರ್ (ಟಾಸ್ಕ್ ರಿಜಿಸ್ಟರ್) ಬ್ಯುಸಿ ಟೈಪ್‌ನದ್ದೇ ಆಗಿರಬೇಕು. ವಿಎಮ್‌ಸಿಎಸ್ ಶ್ಯಾಡೋ ಬಳಸದಿದ್ದರೆ ಲಿಂಕ್ ಪಾಯಿಂಟರ್‌ನ 64 ಬಿಟ್ಟೂ 1 ಆಗಿರಬೇಕು.

ಎಮ್ಯುಲೇಟರ್ ಮೃದುವಾಗಿದ್ದರೆ ಇಲ್ಲೇ ಅಪಾಯ. ಅದು ‘ಪರವಾಗಿಲ್ಲ, ಓಡಿಸೋಣ’ ಅಂದರೆ ನಿಮ್ಮ ಹೈಪರ್‌ವೈಸರ್ ಅಲ್ಲಿ ಚೆನ್ನಾಗಿ ಓಡಿ, ಚಿಪ್ ಮೇಲೆ ಬಿದ್ದುಹೋಗುತ್ತದೆ. ಎಕ್ಸಿಟ್‌ನಲ್ಲೂ ಹೀಗೇ. ವಿಎಮ್‌ಎಕ್ಸ್‌ನಲ್ಲಿ ಎಕ್ಸಿಟ್ ಆದಾಗ ಜಿಡಿಟಿಆರ್, ಐಡಿಟಿಆರ್ (ಸೆಗ್ಮೆಂಟ್, ಇಂಟರಪ್ಟ್ ಟೇಬಲ್‌ಗಳನ್ನು ತೋರಿಸುವ ರಿಜಿಸ್ಟರ್‌ಗಳು) ಎರಡರ ಲಿಮಿಟ್ 65535 ಆಗುತ್ತದೆ, ಮೊದಲು ಎಷ್ಟಿದ್ದರೂ ಸರಿ. ಎಮ್ಯುಲೇಟರ್ ಬರೆದವರು ‘ಪಾಪ, ಹಳೆಯದನ್ನೇ ಇಟ್ಟುಕೊಳ್ಳೋಣ’ ಅಂತ ಒಳ್ಳೆಯತನ ತೋರಿಸಿದರೆ, ಲಿಮಿಟನ್ನು ತಾನೇ ಸರಿಮಾಡಿಕೊಳ್ಳಬೇಕಾದ ಹೈಪರ್‌ವೈಸರ್‌ನ ತಪ್ಪು ಮುಚ್ಚಿಹೋಗುತ್ತದೆ.

ಪ್ರಶ್ನೆ: ಎಕ್ಸ್‌86ಗೆ ಈ ಹಾರ್ಡ್‌ವೇರ್ ನೆರವು ಬೇಕಾಗಿದ್ದಾದರೂ ಯಾಕೆ?

ಉತ್ತರ: ಪಾಪ್‌ಎಫ್‌ನಂಥ ಇನ್‌ಸ್ಟ್ರಕ್ಷನ್‌ಗಳಿಂದ. ಯೂಸರ್ ಮಟ್ಟದಲ್ಲಿ ಪಾಪ್‌ಎಫ್‌ನಿಂದ ಇಂಟರಪ್ಟ್ ಫ್ಲ್ಯಾಗ್ ಬದಲಿಸಲು ಹೋದರೆ ಪ್ರೊಸೆಸರ್ ಟ್ರ್ಯಾಪ್ ಮಾಡುವುದಿಲ್ಲ (ಅಂದರೆ ತಡೆದು ಮೇಲಕ್ಕೆ ತಿಳಿಸುವುದಿಲ್ಲ), ಸುಮ್ನೆ ಕಡೆಗಣಿಸುತ್ತದೆ. ಹೈಪರ್‌ವೈಸರ್‌ಗೆ ಸುಳಿವೇ ಸಿಗುವುದಿಲ್ಲ. ಇಂಥವೆಲ್ಲ ಟ್ರ್ಯಾಪ್ ಆಗಲೇಬೇಕು ಅಂತ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲೇ ಬರೆದಿದ್ದರು. 1999ರಲ್ಲಿ ವಿಎಮ್‌ವೇರ್ ಬೈನರಿ ಅನುವಾದದಿಂದ ದಾರಿ ಮಾಡಿಕೊಂಡಿತು. ಇಂಟೆಲ್‌ನ ನೆರವು 2005ರಲ್ಲಿ, ಎಎಮ್‌ಡಿಯದು 2006ರಲ್ಲಿ ಬಂತು. ತಮಾಷೆ ಅಂದರೆ, ಎಮ್ಯುಲೇಟರ್‌ಗೆ ಪಾಪ್‌ಎಫ್ ಒಂದು ಸಮಸ್ಯೆಯೇ ಅಲ್ಲ. ಅದು ಪ್ರತಿ ಇನ್‌ಸ್ಟ್ರಕ್ಷನ್ನನ್ನೂ ತಾನೇ ನೋಡುತ್ತದೆ.

ಪ್ರಶ್ನೆ: ಗೆಸ್ಟ್ ಪೇಜ್ ಟೇಬಲ್ (ಅಡ್ರೆಸ್‌ನಿಂದ ಮೆಮೊರಿಯ ಜಾಗ ಹುಡುಕುವ ಪಟ್ಟಿ), ಅದರ ಕೆಳಗೆ ನೆಸ್ಟೆಡ್ ಪೇಜ್ ಟೇಬಲ್. ಒಂದು ಅಡ್ರೆಸ್‌ಗೆ 24 ಸಲ ಮೆಮೊರಿ ಓದಬೇಕು ಅಂತ ಎಲ್ಲೋ ಓದಿದೆ. ನಿಜವಾ? ಎಮ್ಯುಲೇಟರ್‌ನಲ್ಲಿ ಇದು ಆಮೆಯಾಗುವುದಿಲ್ಲವಾ?

ಉತ್ತರ: ನಿಜ. ಎರಡೂ ಕಡೆ ನಾಲ್ಕು ಮಟ್ಟ ಇದ್ದಾಗ ಹೀಗೆ ಲೆಕ್ಕ ಹಾಕಿ. ಗೆಸ್ಟ್‌ನ ಟೇಬಲ್ ಇರುವ ಜಾಗವೇ ಗೆಸ್ಟ್ ಫಿಸಿಕಲ್ ಅಡ್ರೆಸ್. ಅದನ್ನು ಬಿಡಿಸಲು ನೆಸ್ಟೆಡ್ ಟೇಬಲ್‌ನಲ್ಲಿ ನಾಲ್ಕು ಓದು, ಆಮೇಲೆ ಎಂಟ್ರಿಯ ಒಂದು ಓದು. ಐದಾಯಿತು. ಇಂಥ ನಾಲ್ಕು ಮಟ್ಟಕ್ಕೆ 20. ಕೊನೆಗೆ ಸಿಕ್ಕ ಡೇಟಾ ಅಡ್ರೆಸ್ಸನ್ನು ಬಿಡಿಸಲು ಮತ್ತೆ ನಾಲ್ಕು. ಒಟ್ಟು 24.

ವೇಗಕ್ಕೆ ಹೆದರಬೇಡಿ. ಎಮ್ಯುಲೇಟರ್‌ನ ಸಾಫ್ಟ್‌ವೇರ್ ಟಿಎಲ್‌ಬಿಯಲ್ಲಿ (ಬಿಡಿಸಿದ ಅಡ್ರೆಸ್‌ಗಳ ಕ್ಯಾಶ್) ಕೊನೆಯ ಉತ್ತರವನ್ನು ಇಟ್ಟುಕೊಳ್ಳುತ್ತೀರಿ. ಮಿಸ್ ಆದಾಗ ಮಾತ್ರ ಈ ಸುತ್ತಾಟ. ನಿಜವಾದ ಖರ್ಚು ಬೇರೆ ಕಡೆ ಇದೆ. ಪ್ರತಿ ಎಂಟ್ರಿ, ಪ್ರತಿ ಎಕ್ಸಿಟ್‌ಗೆ ಟಿಎಲ್‌ಬಿಯನ್ನು ಪೂರ್ತಿ ಖಾಲಿ ಮಾಡಿದರೆ ಗೆಸ್ಟ್ ಕುಂಟುತ್ತದೆ. ಶುರುವಿಗೆ ಹಾಗೇ ಮಾಡಿ, ತಪ್ಪಿಲ್ಲ. ಎಎಸ್‌ಐಡಿ ಟ್ಯಾಗ್‌ಗಳನ್ನು ಆಮೇಲೆ ತನ್ನಿ.

ಒಂದು ವಿಷಯ ಮಾತ್ರ ಮೊದಲೇ ಸರಿ ಇರಲಿ. ಎಎಮ್‌ಡಿಯಲ್ಲಿ ಗೆಸ್ಟ್‌ನ ಪೇಜ್ ಟೇಬಲ್ ಓದುವ ನಡೆಯನ್ನು ನೆಸ್ಟೆಡ್ ಮಟ್ಟದಲ್ಲಿ ಯಾವಾಗಲೂ ಯೂಸರ್ ರೈಟ್ ಅಂತ ಎಣಿಸಬೇಕು. ಓದುವಾಗಲೂ! ಗೆಸ್ಟ್‌ನ ಪೇಜ್ ಟೇಬಲ್ ಇರುವ ಪೇಜನ್ನು ನೆಸ್ಟೆಡ್ ಟೇಬಲ್‌ನಲ್ಲಿ ಓದಲು ಮಾತ್ರ ಬಿಟ್ಟಿದ್ದರೆ ಫಾಲ್ಟ್ ಆಗಲೇಬೇಕು. ಇದನ್ನು ಸಾಮಾನ್ಯ ಓದು ಅಂತ ಬಿಟ್ಟಿರುವ ಕೋಡ್ ನಾನು ನೋಡಿದ್ದೇನೆ. ಸಾಮಾನ್ಯ ಬಳಕೆಯಲ್ಲಿ ಏನೂ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮದು ಇನ್‌ಸ್ಟ್ರಕ್ಷನ್‌ಗಳನ್ನು ಬ್ಲಾಕ್ ಬ್ಲಾಕ್ ಆಗಿ ಅನುವಾದ ಮಾಡಿ ಓಡಿಸುವ ಎಮ್ಯುಲೇಟರ್. ಪ್ರತಿ ಇನ್‌ಸ್ಟ್ರಕ್ಷನ್‌ಗೂ ತಡೆ ಇದೆಯಾ ಅಂತ ನೋಡಿದರೆ ಮಾಮೂಲಿ ಪ್ರೋಗ್ರಾಮ್‌ಗಳೂ ನಿಧಾನ ಆಗುತ್ತವಲ್ಲ?

ಉತ್ತರ: ಓಡುವಾಗ ನೋಡಬೇಡಿ, ಅನುವಾದ ಮಾಡುವಾಗ ನೋಡಿ. ಬ್ಲಾಕ್ ಹುಡುಕುವ ಕೀಯಲ್ಲಿ ಅಡ್ರೆಸ್ ಜೊತೆ ಮೋಡ್ ಫ್ಲ್ಯಾಗ್‌ಗಳು ಹೇಗೂ ಇರುತ್ತವೆ. ‘ಗೆಸ್ಟ್ ಒಳಗೆ’ ಅನ್ನುವ ಒಂದು ಬಿಟ್ ಅಲ್ಲೇ ಸೇರಿಸಿ. ಆ ಬಿಟ್ ಇದ್ದರೆ ಮಾತ್ರ ತಡೆಯ ಕೋಡ್ ಹುಟ್ಟುತ್ತದೆ. ಕ್ಯೂಎಮು ಎಂಬ ಎಮ್ಯುಲೇಟರ್ ಕೂಡ ಹೀಗೇ ಮಾಡುತ್ತದೆ. ಕೂಡಿಸು, ಕಳೆ ಥರದ ಇನ್‌ಸ್ಟ್ರಕ್ಷನ್‌ಗಳಿಗೆ ತಡೆಯೇ ಇಲ್ಲ, ಹಾಗಾಗಿ ಗೆಸ್ಟ್ ಒಳಗೂ ಬಹುಪಾಲು ಕೋಡ್ ಬದಲಾಗುವುದಿಲ್ಲ.

ಪ್ರಶ್ನೆ: ನೆಸ್ಟೆಡ್ ವರ್ಚುವಲೈಸೇಶನ್ (ಗೆಸ್ಟ್ ಒಳಗೇ ಇನ್ನೊಂದು ಹೈಪರ್‌ವೈಸರ್ ಓಡಿಸುವುದು) ಎಲ್ಲ ಕಡೆ ಸಿಗುವಾಗ, ಇಷ್ಟು ನಿಧಾನದ ಎಮ್ಯುಲೇಟರ್‌ನಲ್ಲಿ ಇದನ್ನೆಲ್ಲ ಮಾಡುವುದು ವ್ಯರ್ಥ ಅಲ್ವಾ?

ಉತ್ತರ: ನೆಸ್ಟೆಡ್‌ಗೆ ಅದೇ ಜಾತಿಯ ಪ್ರೊಸೆಸರ್ ಕೈಯಲ್ಲಿರಬೇಕು. ಆರ್ಮ್ ಲ್ಯಾಪ್‌ಟಾಪ್ ಮೇಲೆ ಎಕ್ಸ್‌86 ಹೈಪರ್‌ವೈಸರ್ ಪರೀಕ್ಷಿಸಬೇಕಾದರೆ ಎಮ್ಯುಲೇಟರ್ ಬಿಟ್ಟು ಗತಿಯಿಲ್ಲ. ಚಿಪ್ಪೇ ಇನ್ನೂ ಬಂದಿಲ್ಲದಾಗಲೂ ಅಷ್ಟೇ. ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸದ ಹೈಪರ್‌ವೈಸರ್ ವಿಸ್ತರಣೆಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಮೇಲಿನ ಸಾಫ್ಟ್‌ವೇರ್ ಅದಕ್ಕೂ ಮೊದಲೇ ಕ್ಯೂಎಮು ಮೇಲೆ ಓಡುತ್ತಿತ್ತು. ಎಕ್ಸ್‌86 ವಿಷಯಕ್ಕೆ ಬಂದರೆ, ಕ್ಯೂಎಮುವಿನ ಅನುವಾದಕ ಎಸ್‌ವಿಎಮ್ ಕೊಡುತ್ತದೆ, ಬಾಕ್ಸ್ ಎಮ್ಯುಲೇಟರ್ ಎರಡನ್ನೂ ಕೊಡುತ್ತದೆ. ನಿಧಾನ ಹೌದು. ಆದರೆ ಎಂಟ್ರಿ ಯಾಕೆ ಸೋತಿತು ಅಂತ ತಿಳಿಯಲು ವೇಗ ಬೇಕಿಲ್ಲ.

ಪ್ರಶ್ನೆ: ನಮ್ಮ ಎಸ್‌ವಿಎಮ್ ಎಮ್ಯುಲೇಶನ್‌ನಲ್ಲಿ ಗೆಸ್ಟ್ ಲಿನಕ್ಸ್ ಅರ್ಧ ಬೂಟ್ ಆಗಿ ಸುಮ್ಮನೆ ನಿಂತುಬಿಡುತ್ತದೆ. ಎರರ್ ಇಲ್ಲ, ಏನಿಲ್ಲ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ. ಎಲ್ಲಿ ನೋಡಲಿ?

ಉತ್ತರ: ಜಾಗ ಬದಲಾಗುತ್ತಿದೆ ಅಂದರೆ ಇಂಟರಪ್ಟ್ ಕಳೆದುಹೋಗುತ್ತಿದೆ ಅಂತ ನನ್ನ ಅನುಮಾನ. ಎಕ್ಸಿಟ್‌ಇಂಟ್‌ಇನ್ಫೋ ಫೀಲ್ಡ್ ತುಂಬಿಸುತ್ತಿದ್ದೀರಾ ನೋಡಿ.

ನಡೆಯುವುದು ಹೀಗೆ. ಹೈಪರ್‌ವೈಸರ್ ಟೈಮರ್ ಇಂಟರಪ್ಟನ್ನು ಗೆಸ್ಟ್‌ಗೆ ಇಂಜೆಕ್ಟ್ ಮಾಡಿ ವಿಎಮ್‌ರನ್ ಕೊಡುತ್ತದೆ. ನಿಮ್ಮ ಎಮ್ಯುಲೇಟರ್ ಐಡಿಟಿ ಓದಿ, ಗೆಸ್ಟ್‌ನ ಸ್ಟ್ಯಾಕ್ ಮೇಲೆ ಫ್ಲ್ಯಾಗ್, ಸಿಎಸ್, ಆರ್‌ಐಪಿ (ಮುಂದೆ ಓಡಬೇಕಾದ ಇನ್‌ಸ್ಟ್ರಕ್ಷನ್‌ನ ಅಡ್ರೆಸ್) ತಳ್ಳಲು ಹೋಗುತ್ತದೆ. ಆ ಸ್ಟ್ಯಾಕ್ ಪೇಜ್ ನೆಸ್ಟೆಡ್ ಟೇಬಲ್‌ನಲ್ಲಿ ಇನ್ನೂ ಇಲ್ಲ. ನೆಸ್ಟೆಡ್ ಪೇಜ್ ಫಾಲ್ಟ್, ಎಕ್ಸಿಟ್. ಈಗ ಇಂಟರಪ್ಟ್ ಅತ್ತ ತಲುಪಿಲ್ಲ, ಇತ್ತ ಬಾಕಿಯೂ ಇಲ್ಲ. ಹೈಪರ್‌ವೈಸರ್‌ನ ಲೆಕ್ಕದಲ್ಲಿ ಅದು ಆಗಲೇ ಕೊಟ್ಟಾಗಿದೆ. ‘ಇದು ದಾರಿಯಲ್ಲಿ ನಿಂತಿತು, ಮತ್ತೆ ಕಳಿಸು’ ಅಂತ ತಿಳಿಸುವ ಒಂದೇ ಜಾಗ ಎಕ್ಸಿಟ್‌ಇಂಟ್‌ಇನ್ಫೋ. ಅಲ್ಲಿ ಸೊನ್ನೆ ಇದ್ದರೆ ಇಂಟರಪ್ಟ್ ಹೋದ ಹಾಗೇ. ಜೊತೆಗೆ ಗೆಸ್ಟ್‌ನ ಆರ್‌ಎಸ್‌ಪಿ (ಸ್ಟ್ಯಾಕ್ ಪಾಯಿಂಟರ್) ತಳ್ಳುವ ಮೊದಲು ಎಷ್ಟಿತ್ತೋ ಅಷ್ಟಕ್ಕೇ ವಾಪಸ್ ಬರಬೇಕು.

ಅದು ಸರಿ ಇದ್ದರೆ ಜಿಐಎಫ್ (ಎಲ್ಲ ಇಂಟರಪ್ಟ್‌ಗೂ ಬಾಗಿಲಿನಂಥ ಫ್ಲ್ಯಾಗ್) ನೋಡಿ. ಎಕ್ಸಿಟ್ ಆದ ಕೂಡಲೇ ಅದು ಸೊನ್ನೆಯಾಗಬೇಕು. ಹೋಸ್ಟ್ ತನ್ನ ಎಫ್‌ಎಸ್, ಜಿಎಸ್, ಟಿಆರ್‌ಗಳನ್ನು ತುಂಬಿಕೊಂಡು ಎಸ್‌ಟಿಜಿಐ ಇನ್‌ಸ್ಟ್ರಕ್ಷನ್‌ನಿಂದ ಅದನ್ನು ಮತ್ತೆ 1 ಮಾಡುವವರೆಗೆ ಒಂದು ಇಂಟರಪ್ಟೂ ಒಳಗೆ ಬರಬಾರದು.

ಪ್ರಶ್ನೆ: ಪರೀಕ್ಷೆಗೆ ಏನು ಬಳಸಲಿ?

ಉತ್ತರ: ನೇರ ಲಿನಕ್ಸ್‌ಗೆ ಹೋಗಬೇಡಿ. ಗೆಸ್ಟ್ ಒಳಗೆ ಒಂದೇ ಬೈಟ್ ಇಡಿ, ಎಚ್‌ಎಲ್‌ಟಿ. ಅದನ್ನು ತಡೆಯುವ ಬಿಟ್ ಹಾಕಿ ವಿಎಮ್‌ರನ್ ಕೊಡಿ. ಎಕ್ಸಿಟ್‌ಕೋಡ್ ಹೆಕ್ಸ್‌ನಲ್ಲಿ 78 ಬರಬೇಕು. ಅದಕ್ಕಿಂತ ಮುಖ್ಯ, ಗೆಸ್ಟ್‌ನ ಆರ್‌ಐಪಿ ಎಚ್‌ಎಲ್‌ಟಿಯ ಮೇಲೇ ಇರಬೇಕು, ಅದನ್ನು ದಾಟಿರಬಾರದು. ಮುಂದಕ್ಕೆ ಸರಿಸುವುದು ಹೈಪರ್‌ವೈಸರ್‌ನ ಕೆಲಸ. ನಿಮ್ಮ ಎಮ್ಯುಲೇಟರ್ ಡಿಕೋಡ್ ಆದ ಕೂಡಲೇ ಆರ್‌ಐಪಿ ಸರಿಸುವ ಜಾತಿಯದಾಗಿದ್ದರೆ ತಪ್ಪು ಇಲ್ಲೇ ಸಿಗುತ್ತದೆ.

ಆಮೇಲೆ ಎಸ್‌ಟಿಐ (ಇಂಟರಪ್ಟ್‌ಗೆ ದಾರಿ ಬಿಡುವ ಇನ್‌ಸ್ಟ್ರಕ್ಷನ್), ಅದರ ಹಿಂದೆಯೇ ಎಚ್‌ಎಲ್‌ಟಿ ಇಟ್ಟು, ಒಂದು ಇಂಟರಪ್ಟ್ ಬಾಕಿ ಇಟ್ಟು ನೋಡಿ. ಎಸ್‌ಟಿಐ ಆದಮೇಲೆ ಒಂದು ಇನ್‌ಸ್ಟ್ರಕ್ಷನ್ ಮಟ್ಟಿಗೆ ಇಂಟರಪ್ಟ್ ತಡೆದಿರುತ್ತದೆ. ಎಕ್ಸಿಟ್ ಆದಾಗ ಆ ನೆರಳಿನ ಬಿಟ್ ವಿಎಮ್‌ಸಿಬಿಯಲ್ಲಿ ಕಾಣಬೇಕು. ಇವು ದಾಟಿದರೆ ಕೆವಿಎಮ್ ಯುನಿಟ್ ಟೆಸ್ಟ್‌ಗಳನ್ನು ಓಡಿಸಿ. ಅವು ಕೆವಿಎಮ್‌ಗಾಗಿ ಬರೆದವು, ಆದರೆ ವಿಎಮ್‌ಎಕ್ಸ್, ಎಸ್‌ವಿಎಮ್ ಎರಡಕ್ಕೂ ಬೇಕೆಂದೇ ತಪ್ಪು ಫೀಲ್ಡ್ ತುಂಬಿ, ಆಗಲ್ಲ ಅನ್ನಿಸಿಕೊಂಡು ನೋಡುವ ಪರೀಕ್ಷೆಗಳು ಅದರಲ್ಲಿವೆ. ಮೊದಲು ಅವನ್ನು ಪಾಸ್ ಮಾಡಿಸಿ. ಗೆಸ್ಟ್ ಲಿನಕ್ಸ್ ಬೂಟ್ ಮಾಡುವುದು ಆಮೇಲೆ.