ಭೀಮೆಯ ಆಚೆ ದಂಡೆಯಲ್ಲಿ ಹುಟ್ಟಿದವರು

ನಮ್ಮ ಪುಣೆಯ ಮನೆಗೆ ಊಟಕ್ಕೆ ಬಂದಾಗ ನೀನು ಕೇಳಿದ್ದೆ: "ಅಲ್ಲ ಮಾರಾಯ, ನೀವು ಕನ್ನಡದವರು. ತಂಗಿಯ ಸ್ಕಾಲರ್‌ಶಿಪ್ಪಿಗೆ ಇಲ್ಲಿ ಯಾಕೆ ಒದ್ದಾಡ್ತೀರಿ? ನಮ್ಮ ಕರ್ನಾಟಕದ ಕಡೆ ಅರ್ಜಿ ಹಾಕಬಾರದಾ?" ಅವತ್ತು ತಂಗಿ ಎದುರಿಗೇ ಇದ್ದಳು, ಸುಮ್ಮನಾದೆ. ಈಗ ಹೇಳ್ತೀನಿ.

ನಮ್ಮದು ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟ ತಾಲೂಕು. ಮನೆ, ಹೊಲ, ಸಂತೆ ಎಲ್ಲಾ ಕನ್ನಡ, ಕಚೇರಿ ಮರಾಠಿ. ನಾನು, ತಂಗಿ ಇಬ್ಬರೂ ಕಲಿತದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ, ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಅಚ್ಚು ಹಾಕಿದ ಕನ್ನಡ ಪುಸ್ತಕದಲ್ಲಿ. ಮಹಾರಾಷ್ಟ್ರ ಸರ್ಕಾರವೇ ನಮಗೆ ಕನ್ನಡ ಕಲಿಸಿತು. ನಾವು ಎಲ್ಲಿಂದಲೋ ಬಂದು ಇಲ್ಲಿ ನೆಲೆಸಿದವರಲ್ಲ.

ಅವ್ವನ ತವರು ಇಂಡಿ ತಾಲೂಕು, ಭೀಮಾ ನದಿ ದಾಟಿದರೆ ಬಂತು. 1956ರ ನವೆಂಬರ್ 1ರವರೆಗೆ ಎರಡೂ ದಂಡೆ ಮುಂಬೈ ರಾಜ್ಯದಲ್ಲೇ ಇದ್ದವು. ಹೆರಿಗೆ ತವರಿನಲ್ಲಿ ಆಗಬೇಕು ಅನ್ನೋದು ಪದ್ಧತಿ, ಹಾಗಾಗಿ ತಂಗಿ ಹುಟ್ಟಿದ್ದು ಇಂಡಿಯಲ್ಲಿ. ಮೂರನೇ ತಿಂಗಳಿಗೆ ತೊಟ್ಟಿಲು ಸಮೇತ ಊರಿಗೆ ಬಂದವಳು ಹನ್ನೆರಡನೇ ತರಗತಿವರೆಗೂ ಮಹಾರಾಷ್ಟ್ರದಲ್ಲೇ ಓದಿದಳು. ಆದರೆ ಶಾಲೆಯ ದಾಖಲೆಯಲ್ಲಿ ಜನ್ಮಸ್ಥಳ 'ಇಂಡಿ, ಜಿಲ್ಲಾ ವಿಜಾಪುರ', ಮಾತೃಭಾಷೆ 'ಕನ್ನಡ'. ಇಂಜಿನಿಯರಿಂಗ್ ಪ್ರವೇಶದಲ್ಲಿ ಕಾಲೇಜಿನ ಗುಮಾಸ್ತರು ಆ ಎರಡು ಸಾಲು ನೋಡಿದವರೇ "ಪರರಾಜ್ಯ" ಅಂದುಬಿಟ್ಟರು.

ನಿಯಮ ನೋಡು. ಮಹಾರಾಷ್ಟ್ರದವರ ಸಾಲಿಗೆ ಸೇರಲು ಹತ್ತು, ಹನ್ನೆರಡು ಎರಡನ್ನೂ ಇಲ್ಲೇ ಪಾಸಾದರೂ ಸಾಲದು. ಹುಟ್ಟಿದ್ದು ಮಹಾರಾಷ್ಟ್ರದಲ್ಲಾಗಿರಬೇಕು, ಇಲ್ಲವೇ ಡೊಮಿಸೈಲ್, ಅಂದರೆ ಇಲ್ಲಿನ ಕಾಯಂ ನಿವಾಸಿ ಅನ್ನೋ ಪ್ರಮಾಣಪತ್ರ ಬೇಕು. ಡೊಮಿಸೈಲಿಗೆ 15 ವರ್ಷದ ವಾಸ ತೋರಿಸಬೇಕು. ತಲಾಠಿಯ (ಗ್ರಾಮಲೆಕ್ಕಿಗರ) ದಾಖಲೆ, ರೇಷನ್ ಕಾರ್ಡ್, ಶಾಲೆಯ ಕಾಗದ ಎಲ್ಲಾ ಕೊಟ್ಟೆವು. ಅರ್ಜಿ ತಗೊಳ್ಳೋ ಸೇತು ಕೇಂದ್ರದಲ್ಲಿ "ಮೊದಲು ತಂದೆಯದು ತನ್ನಿ" ಅಂದರು. ಅಪ್ಪ ತನ್ನ ಹೊಲ ಬಿಟ್ಟು ಬೇರೆಲ್ಲೂ ಬಾಳಿದವನಲ್ಲ. ಅಜ್ಜನ ಕಾಲದ ಹೊಲದ ಉತಾರ (ಪಹಣಿ), ತನ್ನ ನಾಲ್ಕನೇ ತರಗತಿಯ ದಾಖಲೆ ಹಿಡಿದು, ತನ್ನೂರು ತನ್ನದೇ ಅಂತ ಐವತ್ತು ದಾಟಿದ ಮೇಲೆ ಸಾಬೀತು ಮಾಡಿದ. ಕಾಗದ ಕೈಗೆ ಬರುವಷ್ಟರಲ್ಲಿ ಗಡುವು ಮುಗಿದಿತ್ತು. ತಂಗಿ ಹೊರರಾಜ್ಯದವರ ಸಾಲಿಗೆ ಬಿದ್ದಳು. ಶಾಹೂ ಮಹಾರಾಜರ ಹೆಸರಿನ ಮಹಾರಾಷ್ಟ್ರದ ಯೋಜನೆಯಲ್ಲಿ ವರ್ಷದ ಆದಾಯ 8 ಲಕ್ಷದೊಳಗಿದ್ದರೆ ಆಗ ಅರ್ಧ ಬೋಧನಾ ಶುಲ್ಕ ಸರ್ಕಾರ ಕೊಡುತ್ತಿತ್ತು, ಅದು ಹೋಯಿತು. ಅಪ್ಪ ಎತ್ತು ಮಾರಿದ.

ಇನ್ನು ನಿಮ್ಮ ಕಡೆಯ ಮಾತು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರ ನಿಯಮ ಇದೆ, ಅದರಲ್ಲಿ ಅಕ್ಕಲಕೋಟ, ಜತ್ತ ತಾಲೂಕುಗಳ ಹೆಸರೂ ಇವೆ. ಕನ್ನಡ ಪರೀಕ್ಷೆ ಪಾಸಾದರೆ ಸೀಟಿಗೆ ಅರ್ಹತೆ ಸಿಗುತ್ತದೆ. ಅದನ್ನು ನಾನು ಮನಸಾರೆ ನೆನೆಯುತ್ತೇನೆ. ಆದರೆ ಸ್ಕಾಲರ್‌ಶಿಪ್ಪಿನ ಜಾಲತಾಣ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತದೆ. ಅದು ಕೊಡೋದು ಕರ್ನಾಟಕದ ನಾಡಕಚೇರಿ. ನಮ್ಮ ತಹಶೀಲ್ದಾರರು ಕೂತಿರೋದು ಅಕ್ಕಲಕೋಟೆಯಲ್ಲಿ.

ಮಹಾರಾಷ್ಟ್ರದ ಪ್ರವೇಶದಲ್ಲೂ ಇಂಥದೇ ಒಂದು ನಿಯಮ ಇದೆ: ವಿವಾದಿತ ಗಡಿಭಾಗದಲ್ಲಿ ಓದಿದ, ಮರಾಠಿ ಮಾತೃಭಾಷೆಯವರಿಗೆ. ಬೆಳಗಾವಿ ಕಡೆಯ ಮರಾಠಿ ಹುಡುಗನಿಗೆ ಅದು ಸಿಗಲಿ, ನನಗೆ ಸಂತೋಷವೇ. ಎರಡೂ ಸರ್ಕಾರಗಳು ಹೊಳೆಯಾಚೆಯ ತಮ್ಮ ಭಾಷೆಯವರನ್ನು ನೆನೆಯುತ್ತವೆ. ಮನೆಯೊಳಗಿರೋ ಬೇರೆ ಭಾಷೆಯ ಮಗುವನ್ನು ಯಾರು ನೆನೆಯಬೇಕು?

ತಂಗಿಗೆ ಕೊನೆಗೆ ಸಿಕ್ಕಿದ್ದು ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ಪು. ಹನ್ನೆರಡನೆಯದರಲ್ಲಿ ತನ್ನ ಬೋರ್ಡಿನ 80ನೇ ಪರ್ಸೆಂಟೈಲ್ ಮೇಲಿದ್ದು, ಆದಾಯ 4.5 ಲಕ್ಷದೊಳಗಿದ್ದವರಿಗೆ ಅದು. ವರ್ಷಕ್ಕೆ 12,000 ರೂಪಾಯಿ. ಅಲ್ಲಿ ಬೋರ್ಡ್ ಯಾವುದು, ಅಂಕ ಎಷ್ಟು ಅಂತ ಕೇಳಿದರು. ಅವ್ವ ಎಲ್ಲಿ ಹೆತ್ತಳು ಅಂತ ಕೇಳಲಿಲ್ಲ.

ವೈನಿ, ಅಂದರೆ ಅಣ್ಣನ ಹೆಂಡತಿ, ಈಗ ಏಳು ತಿಂಗಳ ಬಸುರಿ. ಅವಳ ತವರೂ ಆಚೆ ದಂಡೆಯಲ್ಲೇ. ಕುಪ್ಪಸ ತೊಡಿಸಲು ಬಂದಿದ್ದ ಬೀಗರು ಹೆರಿಗೆಗೆ ಕರೆದೊಯ್ಯುತ್ತೇವೆ ಅಂದಾಗ ಅವ್ವ ಒಪ್ಪಲಿಲ್ಲ. "ಸೊಲ್ಲಾಪುರದಾಗ ಆಗ್ಲಿ. ಬಾಣಂತನ ನೀವs ಮಾಡ್ರಿ," ಅಂದಳು.